ಮಳೆಯೋ ಬಳೆಯೋ: ಒಂದು ನಾಲ್ಕನೇ ತರಗತಿಯ ಪ್ರಕರಣ

ಇದು ಉಡುಪಿ ತಾಲೂಕಿನ ಕಡಲ ಬದಿಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು. ಊರು, ವರ್ಷ, ಹೆಸರು ಬರೆಯುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಪುಟ್ಟ ಎನ್ನೋಣ. ಟೀಚರನ್ನು ಟೀಚರ್ ಎಂದೇ ಕರೆಯುತ್ತೇನೆ. ನಮ್ಮ ಕಡೆ ಅದೂ ಒಂದು ಹೆಸರೇ ಅಲ್ವಾ.

ನಾನು ಸಂಪನ್ಮೂಲ ಶಿಕ್ಷಕಿ. ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ. ವಿಶೇಷ ಅಗತ್ಯವುಳ್ಳ ಮಕ್ಕಳು ಇರುವ ಶಾಲೆಗಳಿಗೆ ಹೋಗುವುದು, ಮಕ್ಕಳಿಗೂ ಶಿಕ್ಷಕರಿಗೂ ಸಹಾಯ ಮಾಡುವುದು, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ಶಾಲೆಗಳು ಜಾಸ್ತಿ, ವಾರದಲ್ಲಿ ದಿನಗಳು ಕಡಿಮೆ. ಈ ಶಾಲೆಗೆ ನನ್ನ ಪಾಲಿಗೆ ಸಿಕ್ಕಿದ್ದು ಬುಧವಾರ.

ಮೂರನೇ ತರಗತಿಯವರೆಗೆ ಎಲ್ಲವೂ ಸರಿ ಇತ್ತು

ಪುಟ್ಟನ ಮನೆ ಮಾತು ತುಳು. ಅಪ್ಪ ಮಲ್ಪೆಯಿಂದ ಬೋಟಿಗೆ ಹೋಗುವವರು. ಅಮ್ಮ ಬೆಳಗ್ಗೆ ಬೇಗ ಮೀನಿನ ಕೆಲಸಕ್ಕೆ ಹೊರಡುತ್ತಾರೆ. ಹಾಗಾಗಿ ಅವನ ದಿನವೆಲ್ಲ ಅಜ್ಜಿಯ ಜೊತೆ. ಅವನಿಗೆ ಎರಡೂ ಕಿವಿಯಲ್ಲಿ 65 ಡೆಸಿಬೆಲ್ ಆಸುಪಾಸಿನ ಶ್ರವಣ ನಷ್ಟ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 60ರಿಂದ 70 ಡೆಸಿಬೆಲ್ ನಷ್ಟ ಇರುವವರನ್ನು ಮಂದ ಶ್ರವಣದವರು ಎನ್ನುತ್ತದೆ, ಅದಕ್ಕೂ ಮೇಲಿದ್ದರೆ ಕಿವುಡರು. ಕಾಗದದಲ್ಲಿ ಇದು ಸುಮ್ನೆ ಒಂದು ಅಂಕಿ. ಆದರೆ ಒಂದು ಮೀಟರ್ ದೂರದಲ್ಲಿ ನಿಂತು ನಾವು ಮಾಮೂಲಿಯಾಗಿ ಮಾತಾಡುವ ದನಿಯೇ ಸುಮಾರು 60 ಡೆಸಿಬೆಲ್ ಇರುತ್ತದೆ. ಕಿವಿಗೆ ಯಂತ್ರ ಹಾಕದಿದ್ದರೆ ಟೀಚರ್ ಮಾತು ಅವನಿಗೆ ತಲುಪುವುದೇ ಕಷ್ಟ.

ಎರಡನೇ ತರಗತಿಯಲ್ಲಿದ್ದಾಗ ಎಡಿಐಪಿ ಯೋಜನೆಯ ಶಿಬಿರದಲ್ಲಿ ಅವನಿಗೆ ಕಿವಿಯ ಹಿಂದೆ ಕೂರುವ ಎರಡು ಶ್ರವಣ ಸಾಧನಗಳು ಉಚಿತವಾಗಿ ಸಿಕ್ಕಿದ್ದವು. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡೂ ಆಗಿತ್ತು. ದಾಖಲೆ ನೋಡಿದರೆ ಎಲ್ಲವೂ ಆಗಿದೆ ಎಂದೇ ಅನ್ನಿಸಬೇಕು.

ಒಂದರಿಂದ ಮೂರರವರೆಗೆ ನಲಿಕಲಿ. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಟೀಚರ್ ಒಂದೊಂದು ಗುಂಪಿನ ನಡುವೆ ಬಂದು ಕೂರುತ್ತಾರೆ. ಕೈಯಲ್ಲಿ ಕಾರ್ಡು, ಕಾರ್ಡಿನಲ್ಲಿ ಚಿತ್ರ. ತನ್ನ ಮೆಟ್ಟಿಲು ಯಾವುದು ಎಂದು ಗೋಡೆಗೆ ಹಾಕಿದ ಕಲಿಕೆಯ ಏಣಿ ನೋಡಿ ಮಗುವೇ ಕಂಡುಕೊಳ್ಳುತ್ತದೆ. ಪುಟ್ಟನಿಗೆ ಎಲ್ಲರ ಮುಖ ಕಾಣುತ್ತಿತ್ತು. ಟೀಚರ್ ಒಂದು ಮೊಳ ದೂರದಲ್ಲಿ. ಕೇಳದಿದ್ದರೆ ಪಕ್ಕದವರ ಕಾರ್ಡು ನೋಡಿದರೆ ಆಯಿತು. ಅವನು ಪರವಾಗಿಲ್ಲ ಎನ್ನುವಷ್ಟು ಕಲಿತ.

ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು, ಬೋರ್ಡು, ನೋಟ್ಸು. ಒಬ್ಬರ ಬೆನ್ನು ಒಬ್ಬರಿಗೆ. ಅದೂ ಜೂನಿನಲ್ಲಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಆ ಶಾಲೆಯಲ್ಲಿ ಹಳೆಯ ಹಂಚಿನ ಕಟ್ಟಡ ಒಂದು, ಆಮೇಲೆ ಕಟ್ಟಿ ತಗಡಿನ ಶೀಟು ಹಾಕಿದ ಮೂರು ಕೋಣೆ. ನಾಲ್ಕನೇ ತರಗತಿ ಶೀಟಿನ ಕೆಳಗೆ. ಜೋರು ಮಳೆ ಬಂದರೆ ಅಲ್ಲಿ ಪಾಠ ಮಾಡುವವರು ಒಂದೋ ಕಿರುಚಬೇಕು, ಇಲ್ಲ ಸುಮ್ಮನೆ ಕೂರಬೇಕು.

ಜುಲೈ ಮೊದಲ ವಾರ ನಾನು ಹೋದಾಗ ಟೀಚರ್ ಹೇಳಿದ್ದು ಇಷ್ಟು: "ಮೇಡಂ, ನಿಮ್ಮ ಹುಡುಗನಿಗೆ ಎಂತದೂ ತಲೆಗೆ ಹೋಗುದಿಲ್ಲ. ಹಿಂದೆ ತಿರುಗುದು, ಪಕ್ಕ ನೋಡುದು. ಉಕ್ತಲೇಖನದಲ್ಲಿ 20ಕ್ಕೆ 4."

ನಿಮ್ಮ ಹುಡುಗ ಎಂದರು. ಆ ಮಾತನ್ನು ನಾನು ಅಂದು ಗಮನಿಸಲಿಲ್ಲ.

ತರಬೇತಿ ಆಗಿತ್ತಲ್ಲ?

ಆಗಿತ್ತು. ಹಿಂದಿನ ವರ್ಷ ಬಿಆರ್‌ಸಿಯಲ್ಲಿ, ಅಂದರೆ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಐದು ದಿನದ ಸಮನ್ವಯ ಶಿಕ್ಷಣ ತರಬೇತಿಗೆ ಟೀಚರ್ ಬಂದಿದ್ದರು. ಅಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬಳು. ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳನ್ನು ಒಂದೊಂದಾಗಿ ವಿವರಿಸಿದ್ದೆವು. ಶ್ರವಣ ದೋಷಕ್ಕೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಕಿವಿಯ ಚಿತ್ರ, ಹೊರಕಿವಿ, ನಡುಕಿವಿ, ಒಳಕಿವಿ, ಕಾರಣಗಳು, ಲಕ್ಷಣಗಳು. "ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ" ಎಂದು ಹೇಳಿ ಮುಗಿಸಿದ್ದೆ. ಒಂದು ಶ್ರವಣ ಸಾಧನವನ್ನು ಕೂಡ ಆ ಹಾಲಿಗೆ ತಗೊಂಡು ಹೋಗಿರಲಿಲ್ಲ. ಬ್ಯಾಟರಿ ಹೇಗೆ ಬದಲಿಸುವುದು ಎಂದು ಯಾರೂ ಮುಟ್ಟಿ ನೋಡಿರಲಿಲ್ಲ.

ಟೀಚರ್ ಡಿ.ಎಡ್. ಮಾಡಿದ ಕಾಲದಲ್ಲಿ ವಿಶೇಷ ಮಕ್ಕಳ ಬಗ್ಗೆ ಇದ್ದದ್ದು ಒಂದು ಅಧ್ಯಾಯ. ಬಿ.ಎಡ್. ಎರಡು ವರ್ಷಕ್ಕೆ ಏರಿದ ಮೇಲೆ, 2015ರಿಂದ, ಎಲ್ಲರನ್ನೂ ಒಳಗೊಳ್ಳುವ ಶಾಲೆಯ ಬಗ್ಗೆ ಒಂದು ಪತ್ರಿಕೆ ಸೇರಿದೆ. ಒಳ್ಳೆಯದೇ. ಆದರೆ ಇಪ್ಪತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರಿಗೆ ಅದು ಸಿಕ್ಕಿಲ್ಲ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಕೇಂದ್ರ ಸರಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದೆ. ಆದರೆ ಒಂದು ಶಾಲೆಯಲ್ಲಿ ಒಬ್ಬನೇ ಪುಟ್ಟ ಇದ್ದರೆ ಅವನ ಟೀಚರ್ ಪಾಲಿಗೆ ಬರುವುದು ನನ್ನ ಬುಧವಾರವೇ.

ಟೀಚರ್ ತರಬೇತಿಯ ಮಾತು ಮರೆತಿರಲಿಲ್ಲ. ಪುಟ್ಟನನ್ನು ಮುಂದಿನ ಬೆಂಚಿನಲ್ಲೇ ಕೂರಿಸಿದ್ದರು. ನಡುವಿನಲ್ಲಿ, ಬೋರ್ಡಿನ ಎದುರಿಗೆ. ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು.

ಮೊದಲ ತಪ್ಪು ನನ್ನದು

ನನಗೆ ತಕ್ಷಣ ಕಂಡದ್ದು ಅವನ ಕಿವಿಯಲ್ಲಿ ಯಂತ್ರ ಇಲ್ಲ ಎಂಬುದು. ಮನೆಗೆ ಹೋದೆ. ಎರಡೂ ಸಾಧನ ಬಿಸ್ಕತ್ತಿನ ಡಬ್ಬಿಯೊಳಗೆ, ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಬೀರುವಿನ ಮೇಲಿದ್ದವು. ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು: ಮಳೆಗೆ ಹಾಳಾದರೆ ಯಾರು ಕೊಡುತ್ತಾರೆ? "ಕೆಬಿ ಕೇಣುಜಿ ಪಂದ್ ಏರೆಗ್ಲಾ ತೆರಿಯರೆ ಬಲ್ಲಿ" ಎಂದೂ ಸೇರಿಸಿದರು. ಕಿವಿ ಕೇಳುವುದಿಲ್ಲ ಎಂದು ಯಾರಿಗೂ ಗೊತ್ತಾಗಬಾರದು ಎಂಬ ಚಿಂತೆ. ಬ್ಯಾಟರಿ ಸತ್ತು ತಿಂಗಳುಗಳೇ ಆಗಿತ್ತು. ಮಗು ಬೆಳೆದಂತೆ ಯಂತ್ರದ ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗುತ್ತದೆ, ಬದಲಿಸಬೇಕು. ಅದನ್ನೂ ಯಾರೂ ಹೇಳಿರಲಿಲ್ಲ.

ಅಚ್ಚಿನ ಕೆಲಸ ಬೇಗ ಆಯಿತು. ಮಣಿಪಾಲ, ಮಂಗಳೂರಿನಲ್ಲಿ ಶ್ರವಣ ಚಿಕಿತ್ಸೆಯ ವಿದ್ಯೆ ಕಲಿಸುವ ಕಾಲೇಜುಗಳೇ ಇರುವುದು ನಮ್ಮ ಜಿಲ್ಲೆಯವರ ಅದೃಷ್ಟ. ಜುಲೈ ಎರಡನೇ ವಾರದ ಹೊತ್ತಿಗೆ ಪುಟ್ಟ ಯಂತ್ರ ಹಾಕಿಕೊಂಡು ಬಂದ.

ಆಮೇಲೆ ನಾನು ಮಾಡಿದ್ದೇ ತಪ್ಪು. ಪ್ರತಿ ಬುಧವಾರ ಅವನನ್ನು ತರಗತಿಯಿಂದ ಕರೆದುಕೊಂಡು ಹೋಗಿ ಸ್ಟಾಫ್ ರೂಮಿನ ಮೂಲೆಯಲ್ಲಿ 40 ನಿಮಿಷ ಕಲಿಸಿದೆ. ಪದ, ಚಿತ್ರ, ಕಾಗುಣಿತ. ನನ್ನ ಎದುರಿಗೆ ಅವನು ಚೆನ್ನಾಗಿ ಕಲಿತ. ಅಲ್ಲಿ ಮಳೆಯ ಸದ್ದು ಕಡಿಮೆ, ನಾನು ಎರಡಡಿ ದೂರ, ಮುಖ ಕಾಣುತ್ತದೆ. ಕಲಿಯದೆ ಇರುತ್ತಾನೆಯೇ? ವಾಪಸ್ ತರಗತಿಗೆ ಹೋದರೆ ಮತ್ತೆ ಮೊದಲಿನಂತೆ. ಮೇಲಾಗಿ ಆ 40 ನಿಮಿಷದಲ್ಲಿ ತರಗತಿಯಲ್ಲಿ ಆದ ಪಾಠವೂ ಅವನಿಗೆ ತಪ್ಪುತ್ತಿತ್ತು. ಮಕ್ಕಳು ಅವನಿಗೆ "ಬುಧವಾರ" ಎಂದು ಅಡ್ಡಹೆಸರು ಇಟ್ಟರು.

ಟೀಚರ್‌ಗೆ ಇದರಿಂದ ಹೋದ ಸಂದೇಶ ಸ್ಪಷ್ಟವಾಗಿತ್ತು. ಈ ಮಗುವಿಗೆ ಕಲಿಸಲು ಬೇರೆ ಜನ ಇದ್ದಾರೆ. ನಾನು ಬಾಯಲ್ಲಿ ಎಷ್ಟೇ "ಇವನು ನಿಮ್ಮ ತರಗತಿಯ ಮಗು" ಎಂದರೂ ಪ್ರತಿ ವಾರ ಕೈಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ.

ಉಕ್ತಲೇಖನದ ಪುಸ್ತಕಗಳು

ಜುಲೈ ಕೊನೆಯ ಒಂದು ಬುಧವಾರ. ಬೆಳಗ್ಗೆಯಿಂದ ಬಿಡದೆ ಮಳೆ. ಜಿಲ್ಲಾಧಿಕಾರಿ ರಜೆ ಕೊಡುತ್ತಾರೆಂದು ಮಕ್ಕಳು ಫೋನ್ ಕಾದು ಕಾದು ನಿರಾಸೆಯಿಂದ ಶಾಲೆಗೆ ಬಂದಿದ್ದರು. ಸ್ಟಾಫ್ ರೂಮ್ ಸೋರುತ್ತಿತ್ತು. ನನಗೆ ಬೇರೆ ಜಾಗ ಇರಲಿಲ್ಲ, ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ಕುಳಿತೆ. ಟೀಚರ್ ಉಕ್ತಲೇಖನ ಕೊಟ್ಟರು. ಹತ್ತು ಪದ. ನಾನೂ ಬರೆದೆ.

ನನಗೆ ಎರಡು ಪದ ಕೇಳಲೇ ಇಲ್ಲ. ಇನ್ನೊಂದು ತಪ್ಪಾಯಿತು.

ಟೀಚರ್ ತಿದ್ದುತ್ತಾ ಹೋದಂತೆ ಅವರ ಮುಖ ಬದಲಾಯಿತು. ಹಿಂದಿನ ಎರಡು ಸಾಲಿನ ಮಕ್ಕಳೆಲ್ಲ ತಪ್ಪು ಬರೆದಿದ್ದರು. ಅವರಲ್ಲಿ ಕೆಲವರು ಯಾವಾಗಲೂ 20ಕ್ಕೆ 20 ತೆಗೆಯುವವರು. "ಇವತ್ತು ಇಡೀ ಕ್ಲಾಸೇ ಕಿವುಡಾಯ್ತಲ್ಲ ಮಾರಾಯ್ರೆ" ಎಂದರು. ನಂತರ ಒಂದು ಕೆಲಸ ಮಾಡಿದರು. ನಾನು ಹೇಳಿಕೊಟ್ಟದ್ದಲ್ಲ. ಪುಟ್ಟನ ಪುಸ್ತಕ ಮತ್ತು ಹಿಂದಿನ ಬೆಂಚಿನ ಮೂವರ ಪುಸ್ತಕ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಹಿಂದಿನ ಬೆಂಚಿನವರು "ತೋಟ" ಎಂದರೆ "ಕೋಟ" ಬರೆದಿದ್ದರು. ಒಬ್ಬ "ಪೋಟ" ಎಂದೂ ಬರೆದಿದ್ದ. ಪುಟ್ಟ "ತೋಟ"ವನ್ನು "ನೋಟ" ಮಾಡಿದ್ದ. "ಮಳೆ" ಅವನ ಪುಸ್ತಕದಲ್ಲಿ "ಬಳೆ" ಆಗಿತ್ತು. "ದಾರ", "ನಾರ" ಆಗಿತ್ತು. ಇನ್ನು ಮೂರು ಪದಗಳ ಜಾಗ ಖಾಲಿ.

ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಮಳೆ, ಬಳೆ ಎಂದು ನೋಡಿ. ತುಟಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ತ, ದ, ನ ಕೂಡ ಹಾಗೆ, ನಾಲಗೆ ಹಲ್ಲಿನ ಹಿಂದೆ ಹೋಗುವುದಷ್ಟೇ ಕಾಣುತ್ತದೆ. ಹಿಂದಿನ ಬೆಂಚಿನವರ ತಪ್ಪು ಕಿವಿಯ ತಪ್ಪು. ಪುಟ್ಟನ ತಪ್ಪು ಕಣ್ಣಿನದು. ಯಂತ್ರ ಕಿವಿಯಲ್ಲೇ ಇತ್ತು. ಆದರೆ ಅದು ಟೀಚರ್ ಮಾತಿನ ಜೊತೆ ಮಳೆಯ ಸದ್ದನ್ನೂ ದೊಡ್ಡದು ಮಾಡಿ ಕೊಡುತ್ತದೆ.

ಟೀಚರ್ ಪುಸ್ತಕ ನೋಡುತ್ತಲೇ ಹೇಳಿದರು: "ಇವ ಕೇಳುದಲ್ಲ, ನನ್ನ ಬಾಯಿ ನೋಡಿ ಬರಿಯುದು."

ಖಾಲಿ ಬಿಟ್ಟ ಮೂರು? ಅವರೇ ನೆನಪು ಮಾಡಿಕೊಂಡರು. ಆ ಪದಗಳನ್ನು ಹೇಳುವಾಗ ಅವರು ಕಿಟಕಿ ಮುಚ್ಚಲು ಹೋಗಿದ್ದರು. ಬೆನ್ನು ಮಕ್ಕಳ ಕಡೆಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಿವಿ ಚೆನ್ನಾಗಿರುವ ಮಗುವಿಗೆ ಒಂದು ಅಕ್ಷರ ಕೇಳದಿದ್ದರೂ ಪದ ಗೊತ್ತಿದ್ದರೆ ಅದನ್ನು ತುಂಬಿಕೊಳ್ಳುತ್ತದೆ. ಪುಟ್ಟನ ಮನೆಯಲ್ಲಿ ಮಳೆಗೆ ಬರ್ಸ ಎನ್ನುತ್ತಾರೆ. ಅವನ ಕನ್ನಡ ಪದಗಳ ಗಂಟೇ ಚಿಕ್ಕದು. ತುಂಬಿಕೊಳ್ಳಲು ಅವನಲ್ಲಿ ಏನಿದೆ?

ಬುದ್ಧಿ ಕಡಿಮೆ ಎಂಬ ಮಾತು ಆ ದಿನದ ನಂತರ ನಾನು ಟೀಚರ್ ಬಾಯಲ್ಲಿ ಕೇಳಲಿಲ್ಲ. ನಾನು ಬೋಧಿಸಿ ಬದಲಿಸಿದ್ದಲ್ಲ ಅದು. ತಮ್ಮದೇ ತರಗತಿಯ ನಾಲ್ಕು ಪುಸ್ತಕ ನೋಡಿ ಅವರೇ ಕಂಡುಕೊಂಡದ್ದು. ಐದು ದಿನದ ತರಬೇತಿಯ ಹಾಲಿನಲ್ಲಿ ಆ ನಾಲ್ಕು ಪುಸ್ತಕ ಇರಲಿಲ್ಲ.

ಹಿಂದಿನ ಬೆಂಚು

ಸ್ಟಾಫ್ ರೂಮಿನ ಪಾಠ ನಿಲ್ಲಿಸುತ್ತೇನೆ, ಬದಲಿಗೆ ಬುಧವಾರ ತರಗತಿಯಲ್ಲೇ ಕೂರುತ್ತೇನೆ ಎಂದೆ. ಟೀಚರ್‌ಗೆ ಇದು ಹಿಡಿಸಲಿಲ್ಲ. ನೇರವಾಗಿಯೇ ಕೇಳಿದರು, "ನೀವು ಬಿಇಒ ಆಫೀಸಿಗೆ ರಿಪೋರ್ಟ್ ಕೊಡ್ಲಿಕ್ಕೆ ಉಂಟಾ?" ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಹಿಂದಿನ ಬೆಂಚಿನಲ್ಲಿ ಬಂದು ಕೂರುವ ದೊಡ್ಡವರು ತಪಾಸಣೆಗೆ ಬಂದವರೇ ಆಗಿರುತ್ತಾರೆ.

ಒಂದು ಒಪ್ಪಂದ ಮಾಡಿಕೊಂಡೆವು. ನಾನು ಬರೆದ ಪುಸ್ತಕ ಅವರ ಮೇಜಿನ ಡ್ರಾಯರಿನಲ್ಲೇ ಇರುತ್ತದೆ. ನನ್ನ ಭೇಟಿಯ ವರದಿಯಲ್ಲಿ ಪುಟ್ಟನ ಬಗ್ಗೆ ಬರೆಯುತ್ತೇನೆ, ಅವರ ಬಗ್ಗೆ ಅಲ್ಲ. ಏನನ್ನು ಗಮನಿಸಬೇಕೆಂದು ಅವರೇ ಹೇಳುತ್ತಾರೆ. ಒಂದು ವಾರಕ್ಕೆ ಒಂದೇ ವಿಷಯ.

ಮೊದಲ ವಾರ ಅವರು ಕೇಳಿದ್ದು: "ನಾನು ಬೋರ್ಡಿಗೆ ಮುಖ ಹಾಕಿ ಎಷ್ಟು ಸಲ ಮಾತಾಡ್ತೇನೆ, ಲೆಕ್ಕ ಹಾಕಿ." ಒಂದು ಪೀರಿಯಡ್‌ನಲ್ಲಿ 27 ಸಲ. ಅವರಿಗೇ ನಗು ಬಂತು. ಬರೆಯುವಾಗ ಬರೆಯುವುದು, ತಿರುಗಿ ಮಾತಾಡುವುದು ಎಂದು ರೂಢಿ ಮಾಡಿಕೊಳ್ಳಲು ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಇಪ್ಪತ್ತು ವರ್ಷದ ಅಭ್ಯಾಸ, ಒಂದು ಸುತ್ತೋಲೆಗೆ ಹೋಗುತ್ತದೆಯೇ?

ಎರಡನೆಯದು ಮುಂದಿನ ಬೆಂಚು. ಪುಟ್ಟ ಯಾಕೆ ಹಿಂದೆ ತಿರುಗುತ್ತಾನೆ ಎಂದು ಹಿಂದಿನಿಂದ ನೋಡಿದಾಗ ತಿಳಿಯಿತು. ಪ್ರಶ್ನೆ ಟೀಚರ್ ಕೇಳುತ್ತಾರೆ, ಉತ್ತರ ಹಿಂದಿನಿಂದ ಬರುತ್ತದೆ. ಯಾರು ಹೇಳುತ್ತಿದ್ದಾರೆಂದು ಹುಡುಕಿ ತಿರುಗುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಅವನು ಪೋಕರಿ ಮಾಡುತ್ತಿರಲಿಲ್ಲ, ಮುಖ ಹುಡುಕುತ್ತಿದ್ದ. ನಾನೇ ಕೊಟ್ಟ ಸಲಹೆ ಅವನನ್ನು ಬೈಗುಳಕ್ಕೆ ದೂಡಿತ್ತು. ಎರಡನೇ ಸಾಲಿನ ಗೋಡೆ ಬದಿಗೆ, ಸ್ವಲ್ಪ ಓರೆಯಾಗಿ ಕೂರಿಸಿದೆವು. ಅಲ್ಲಿಂದ ಟೀಚರ್ ಮುಖವೂ ಕಾಣುತ್ತದೆ, ಕತ್ತು ಸ್ವಲ್ಪ ಹೊರಳಿಸಿದರೆ ಉಳಿದವರ ಮುಖವೂ. ಟೀಚರ್ ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದನ್ನು ಬಿಟ್ಟರು. ಹಿಂದಿನಿಂದ ಬೆಳಕು ಬಂದರೆ ಮುಖ ಕಪ್ಪಾಗಿ ಕಾಣುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದಾಗಂತೂ ತುಟಿಯೇ ಕಾಣುವುದಿಲ್ಲ. ಉತ್ತರ ಹೇಳುವ ಮಗು ಎದ್ದು ನಿಲ್ಲಬೇಕು, ಟೀಚರ್ ಅದನ್ನು ಇನ್ನೊಮ್ಮೆ ಹೇಳಬೇಕು ಎಂದಾಯಿತು. ಇದರಿಂದ ಹಿಂದಿನ ಬೆಂಚಿನವರಿಗೂ ಲಾಭ.

ಮೂರನೆಯದು ಬೆಳಗಿನ ಆರು ಸದ್ದು. ಆ, ಊ, ಈ, ಮ್, ಶ್, ಸ್. ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಪರೀಕ್ಷೆ ಇದು. ಟೀಚರ್ ಬಾಯಿಗೆ ಒಂದು ಕಾಗದ ಅಡ್ಡ ಹಿಡಿದು ಒಂದೊಂದೇ ಸದ್ದು ಮಾಡುತ್ತಾರೆ, ಮಗು ಹಾಗೆಯೇ ಹೇಳಬೇಕು. ಮಾತಿನಲ್ಲಿರುವ ತಗ್ಗು ಸ್ವರದಿಂದ ಏರು ಸ್ವರದವರೆಗಿನ ಹರವು ಈ ಆರರಲ್ಲಿ ಬರುತ್ತದೆ. ಆರರಲ್ಲಿ ಒಂದೂ ಕೇಳದಿದ್ದರೆ ಬ್ಯಾಟರಿ ಸತ್ತಿರಬಹುದು ಅಥವಾ ನಳಿಕೆ ಕಟ್ಟಿರಬಹುದು. ನಿನ್ನೆ ಕೇಳಿದ ಸ್, ಶ್ ಇವತ್ತು ಕೇಳದಿದ್ದರೆ ಏನೋ ಬದಲಾಗಿದೆ ಎಂದರ್ಥ. ಒಂದು ನಿಮಿಷದ ಕೆಲಸ. ಟೀಚರ್ ಇದನ್ನು ತುಂಬಾ ಇಷ್ಟಪಟ್ಟರು. ನನ್ನ ಊಹೆ ಏನೆಂದರೆ, ಅಲ್ಲಿಯವರೆಗೆ ಅವರಿಗೆ ಸಿಕ್ಕಿದ್ದೆಲ್ಲ ಸಹನೆ ಇರಲಿ, ಪ್ರೀತಿ ಇರಲಿ ಎಂಬ ಉಪದೇಶ. ಇದು ಕೈಯಲ್ಲಿ ಹಿಡಿಯಬಹುದಾದ ಒಂದು ಉಪಕರಣ.

ಯಂತ್ರ ಒದ್ದೆಯಾಗದಂತೆ ಅಜ್ಜಿಗೂ ಒಂದು ಉಪಾಯ ಕೊಟ್ಟೆವು. ಬಿಸ್ಕತ್ತಿನ ಡಬ್ಬಿ ಬೇಡ, ಬಿಗಿ ಮುಚ್ಚಳದ ಚಿಕ್ಕ ಡಬ್ಬಿ, ಒಳಗೆ ಸಿಲಿಕಾ ಜೆಲ್. ರಾತ್ರಿ ಬ್ಯಾಟರಿ ಬಾಗಿಲು ತೆರೆದು ಅದರಲ್ಲಿ ಇಡುವುದು. ನೀಲಿ ಹರಳು ತೇವ ಎಳೆದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಬೇಕು ಅಥವಾ ಬಿಸಿ ಮಾಡಿ ಒಣಗಿಸಬೇಕು. ಬಣ್ಣ ನೋಡುವ ಕೆಲಸ ಅಜ್ಜಿ ಬಹಳ ನಿಷ್ಠೆಯಿಂದ ಮಾಡಿದರು.

ಅಪ್ಪ ಬಂದದ್ದು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಪುಟ್ಟನ ಅಪ್ಪ ಆ ಎರಡು ತಿಂಗಳು ಊರಲ್ಲೇ ಇದ್ದರು. ಶಾಲೆಯಿಂದ ಯಾರೂ ಅವರನ್ನು ಕರೆದಿರಲಿಲ್ಲ. ನಾನೂ ಕರೆದದ್ದು ಕೊನೆಯ ದಿನಗಳಲ್ಲಿ. ಆಗಸ್ಟ್ ಆದರೆ ಅವರು ಸಿಗುವುದಿಲ್ಲ ಎಂದು ನನಗೆ ಹೊಳೆಯಲು ಅಷ್ಟು ತಡವಾಯಿತು.

ಅವರು ಬಾಗಿಲಲ್ಲೇ ನಿಂತು ಕೈಕಟ್ಟಿ ಮಾತಾಡಿದರು. ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಟೀಚರ್ ಏನೋ ಕೇಳಿದರು, ಅವರಿಗೆ ಕೇಳಲಿಲ್ಲ. ನಕ್ಕು ಹೇಳಿದರು: "ಬೋಟಿನಲ್ಲಿ ಎಂಜಿನ್ ಸ್ಟಾರ್ಟ್ ಆದ್ರೆ ನಮ್ಗೂ ಹೀಗೆಯೇ ಟೀಚರ್. ಬಾಯಲ್ಲಿ ಹೇಳುದೇ ಇಲ್ಲ, ಎಲ್ಲ ಕೈಯಲ್ಲೇ." ಬಲೆ ಬಿಡು, ಎಳೆ, ನಿಲ್ಲಿಸು, ನಿಧಾನ. ಒಂದೊಂದಕ್ಕೂ ಕೈ ಮಾಡಿ ತೋರಿಸಿದರು. ಬಾಗಿಲ ಬಳಿ ಪುಟ್ಟ ನಿಂತು ತಾನೂ ಮಾಡುತ್ತಿದ್ದ. ಅವನಿಗೆ ಎಲ್ಲವೂ ಗೊತ್ತಿತ್ತು.

ಮರುವಾರದಿಂದ ಟೀಚರ್ ನಾಲ್ಕೈದು ಕೈಸನ್ನೆ ತರಗತಿಗೆ ತಂದರು. ಪುಸ್ತಕ ತೆರೆ, ಬರೆ, ನಿಲ್ಲಿಸು, ಈಗ ಮಾತಾಡುವವರು ಇವರು. ಇದನ್ನು ಮಕ್ಕಳಿಗೆ ಕಲಿಸುವ ಕೆಲಸ ಪುಟ್ಟನಿಗೆ ಕೊಟ್ಟರು. ಇದು ಸಂಜ್ಞಾ ಭಾಷೆ ಅಲ್ಲ, ಆ ಹೆಸರು ಇದಕ್ಕೆ ಕೊಡುವುದು ತಪ್ಪು. ಮಳೆಗಾಲದ ಗದ್ದಲಕ್ಕೆ ಒಂದು ಉಪಾಯ ಅಷ್ಟೇ. ಆದರೆ "ಬುಧವಾರ" ಎಂಬ ಅಡ್ಡಹೆಸರು ಎಲ್ಲಿ ಹೋಯಿತೋ ಗೊತ್ತಿಲ್ಲ.

ಕೋಣೆ

ಇಷ್ಟೆಲ್ಲ ಆದರೂ ಶೀಟು ಶೀಟೇ. ಸದ್ದಿನ ಮೂಲ ತಲೆಯ ಮೇಲಿತ್ತು. ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಥರ್ಮಾಕೋಲ್ ಹೊಡೆಸುವ ಮಾತು ಬಂತು, ದುಡ್ಡಿನ ಮಾತು ಬಂದು ಅಲ್ಲಿಗೇ ನಿಂತಿತು. ಟೀಚರ್ ಹೆಡ್‌ಮಾಷ್ಟ್ರ ಬಳಿ ಹೋಗಿ ಹಂಚಿನ ಕಟ್ಟಡದಲ್ಲಿರುವ ಆರನೇ ತರಗತಿಯನ್ನು ಇಲ್ಲಿಗೆ, ನಾಲ್ಕನ್ನು ಅಲ್ಲಿಗೆ ಬದಲಿಸಿ ಎಂದು ಕೇಳಿದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಶ್ರವಣ ದೋಷದ ಮಕ್ಕಳು ಅವರ ಮನಸ್ಸಿನಲ್ಲಿ ಇದ್ದಿರಲಾರದು, ಆದರೂ ದಪ್ಪ ಮಣ್ಣಿನ ಹಂಚಿನ ಕೆಳಗೆ ಮಳೆಯ ಸದ್ದು ತಗಡಿನಷ್ಟು ಇರುವುದಿಲ್ಲ.

ಹೆಡ್‌ಮಾಷ್ಟ್ರು ಎರಡು ವಾರ ಏನೂ ಹೇಳಲಿಲ್ಲ. ಆರನೇ ತರಗತಿಯ ಮಾಷ್ಟ್ರಿಗೆ ಸಿಟ್ಟು ಬಂತು. "ಒಬ್ಬನಿಗೋಸ್ಕರ 30 ಮಂದಿ ಮಕ್ಕಳನ್ನು ಶೀಟಿಗೆ ಹಾಕುದಾ?" ಎಂದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆರನೆಯವರಿಗೂ ಕಷ್ಟವೇ. ಶೈಕ್ಷಣಿಕ ಸಂಸ್ಥೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ, ಅದನ್ನು ತೋರಿಸಿದೆ. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಟೀಚರ್ ಇಟ್ಟುಕೊಂಡಿದ್ದ ಉಕ್ತಲೇಖನ ಪುಸ್ತಕಗಳು. ಮಳೆ ಇದ್ದ ದಿನ, ಇಲ್ಲದ ದಿನ, ಇಡೀ ತರಗತಿಯ ಅಂಕ. ಹೆಡ್‌ಮಾಷ್ಟ್ರು ಪುಟ ತಿರುಗಿಸಿ ನೋಡಿ, ಮಳೆಗಾಲ ಮುಗಿಯುವವರೆಗೆ ಎಂದು ಒಪ್ಪಿದರು. ಆಗಸ್ಟ್ ಕೊನೆಯಲ್ಲಿ ಬೆಂಚುಗಳು ಅದಲು ಬದಲಾದವು. ಇಡೀ ವರ್ಷ ನಾವು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ್ದು ಇದೇ. ಖರ್ಚು ಸೊನ್ನೆ. ಆರನೇ ತರಗತಿಯ ಮಾಷ್ಟ್ರು ಡಿಸೆಂಬರ್‌ವರೆಗೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಕ್ಟೋಬರಿನಲ್ಲಿ ಕುಸಿದದ್ದು

ದಸರಾ ರಜೆಯ ನಂತರ ಟೀಚರನ್ನು ಮೂರು ವಾರ ಬೇರೆ ಸರಕಾರಿ ಕೆಲಸಕ್ಕೆ ಹಾಕಿದರು. ಅತಿಥಿ ಶಿಕ್ಷಕಿ ಬಂದರು. ಒಳ್ಳೆಯ ಹುಡುಗಿ, ಆದರೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾನೂ ಒಂದು ಬುಧವಾರ ತಪ್ಪಿಸಿಕೊಂಡಿದ್ದೆ. ಮರುವಾರ ಹೋದರೆ ಪುಟ್ಟ ಮತ್ತೆ ಮುಂದಿನ ಬೆಂಚಿನಲ್ಲಿ. ಒಂದು ಯಂತ್ರದ ಬ್ಯಾಟರಿ ಸತ್ತು ನಾಲ್ಕು ದಿನ ಆಗಿತ್ತು. ಅತಿಥಿ ಶಿಕ್ಷಕಿ ಅವನಿಗೆ ತುಟಿ ಎಳೆದೆಳೆದು, ಒಂದೊಂದೇ ಅಕ್ಷರ ಬಿಡಿಸಿ, ಕೂಗಿ ಹೇಳುತ್ತಿದ್ದರು. ಹಾಗೆ ಹೇಳಿದರೆ ತುಟಿಯ ಆಕಾರವೇ ಕೆಡುತ್ತದೆ, ಇನ್ನೂ ಅರ್ಥವಾಗುವುದಿಲ್ಲ. ಅವರದ್ದೇನೂ ತಪ್ಪಿಲ್ಲ.

ನಾವು ಒಬ್ಬ ಟೀಚರನ್ನು ಸಿದ್ಧ ಮಾಡಿದ್ದೆವು, ಶಾಲೆಯನ್ನಲ್ಲ. ಟೀಚರ್ ವಾಪಸ್ ಬಂದ ಮೇಲೆ ಒಂದು ಪುಟ ಬರೆದರು. ನಾನು ಬರೆದದ್ದಲ್ಲ, ಅವರ ಅಕ್ಷರ, ಅವರ ಮಾತು. ಎಲ್ಲಿ ಕೂರಿಸಬೇಕು, ಎಲ್ಲಿ ನಿಲ್ಲಬೇಕು, ಆರು ಸದ್ದು, ಬ್ಯಾಟರಿ ಎಲ್ಲಿದೆ, ಕೂಗಬೇಡಿ. ಬೀರುವಿನ ಬಾಗಿಲ ಒಳಗೆ ಅಂಟಿಸಿದರು. ಬ್ಯಾಟರಿ ಬದಲಿಸಲು ಎಲ್ಲ ಟೀಚರುಗಳಿಗೂ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹತ್ತು ನಿಮಿಷದಲ್ಲಿ ಕಲಿಸಿದೆವು. ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಸರಿ ಇದೆಯೇ ಎಂದು ನೋಡಲು ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದರೆ ಸೀಟಿ ಹೊಡೆಯಬೇಕು. ಆರನೇ ತರಗತಿಯ ಮಾಷ್ಟ್ರು ದೂರದಲ್ಲಿ ಕೂತು ಊಟ ಮಾಡುತ್ತಿದ್ದರು. ಸೀಟಿ ಕೇಳಿ ಎದ್ದು ಬಂದು ತಾವೂ ಮಾಡಿ ನೋಡಿದರು.

ಪಕ್ಕದಲ್ಲಿ ಜಾಣ ಹುಡುಗಿಯೊಬ್ಬಳನ್ನು ಸಹಾಯಕ್ಕೆ ಕೂರಿಸಿದ್ದನ್ನೂ ಆಗ ಬದಲಿಸಿದೆವು. ಪುಟ್ಟ ಅವಳ ಪುಸ್ತಕ ನೋಡಿ ಬರೆಯಲು ಶುರು ಮಾಡಿದ್ದ, ಅವಳಿಗೂ ಅದು ಹೊರೆಯಾಗಿತ್ತು. ವಾರಕ್ಕೊಬ್ಬರು ಎಂದು ಮಾಡಿದೆವು.

ಮಾರ್ಚ್ ಹೊತ್ತಿಗೆ

ಉಕ್ತಲೇಖನ ಕೊಡುವ ರೀತಿಯನ್ನು ಟೀಚರ್ ತಾವೇ ಬದಲಿಸಿದರು. ತುಟಿಯಲ್ಲಿ ಒಂದೇ ಥರ ಕಾಣುವ ಪದಗಳನ್ನು ಬಿಡಿಯಾಗಿ ಹೇಳದೆ ವಾಕ್ಯದಲ್ಲಿ ಹೇಳುವುದು: "ಅಕ್ಕ ಕೈಗೆ ಬಳೆ ಹಾಕಿದಳು." ಎಲ್ಲ ಮಕ್ಕಳಿಗೂ ಹಾಗೆಯೇ. ಒಬ್ಬನಿಗೆ ಬೇರೆ ನಿಯಮವೇ ಎಂದು ಹೆಡ್‌ಮಾಷ್ಟ್ರು ಹಿಂಜರಿದಿದ್ದರು. ಪರೀಕ್ಷಾ ಕ್ರಮದಲ್ಲಿ ತಕ್ಕ ಬದಲಾವಣೆ ಮಾಡಲು ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ ಎಂದಾಗ ಸುಮ್ಮನಾದರು.

ಪುಟ್ಟ ಮಾರ್ಚಿನಲ್ಲಿ 20ಕ್ಕೆ 13, 14 ತೆಗೆಯುತ್ತಿದ್ದ. ಪಾಠ ಓದುತ್ತಾನೆ. ಒತ್ತಕ್ಷರ ಇನ್ನೂ ತಪ್ಪುತ್ತದೆ. ಸ, ಶ, ಷ ಅವನಿಗೆ ಒಂದೇ, ಇಂಗ್ಲಿಷ್ ಬಹಳ ಕಷ್ಟ. ಪ್ರಶ್ನೆ ಕೇಳಿದರೆ ಕೈ ಎತ್ತುತ್ತಾನೆ, ಕೆಲವೊಮ್ಮೆ ಬೇರೆಯೇ ಪ್ರಶ್ನೆಗೆ ಉತ್ತರ ಹೇಳುತ್ತಾನೆ. ಆಗ ಮಕ್ಕಳು ನಗುತ್ತಾರೆ, ಅವನೂ ನಗುತ್ತಾನೆ. ಯಂತ್ರ ಹಾಕಿಕೊಂಡು ಜಾತ್ರೆಗೆ ಹೋಗಲು ಈಗಲೂ ಒಪ್ಪುವುದಿಲ್ಲ.

ನನ್ನ ಕೆಲಸದಲ್ಲಿ ಬದಲಾದದ್ದೂ ಇದೆ. ಮಗುವನ್ನು ಹೊರಗೆ ಕರೆದುಕೊಂಡು ಹೋಗುವುದನ್ನು ಈಗ ಮೊದಲ ಆಯ್ಕೆ ಮಾಡಿಕೊಳ್ಳುವುದಿಲ್ಲ. ಮೊದಲ ಎರಡು ಭೇಟಿಯಲ್ಲಿ ಸಲಹೆ ಕೊಡುವುದೇ ಇಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಮಗು ಬರೆದದ್ದನ್ನು ಇನ್ನಿಬ್ಬರದ್ದರ ಜೊತೆ ಇಟ್ಟು ನೋಡುತ್ತೇನೆ. ಶಿಕ್ಷಕರಿಗೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಬದಲಾವಣೆ ಹೇಳುವುದಿಲ್ಲ, ಅದೂ ಅವರು ಕೇಳಿದ ಮೇಲೆ. ತರಬೇತಿಗೆ ಹೋದರೆ 21ರ ಪಟ್ಟಿಯನ್ನು ಕಾಗದದಲ್ಲಿ ಕೊಟ್ಟುಬಿಡುತ್ತೇನೆ. ಉಳಿದ ಹೊತ್ತು ಹಳೆಯ ಶ್ರವಣ ಸಾಧನಗಳು ಕೈಯಿಂದ ಕೈಗೆ ಹೋಗುತ್ತವೆ. ಎಲ್ಲರಿಗೂ ಬೆನ್ನು ಹಾಕಿ, ಫೋನಿನಲ್ಲಿ ಮಳೆಯ ಸದ್ದು ಹಾಕಿ, ಒಂದು ಉಕ್ತಲೇಖನ ಕೊಡುತ್ತೇನೆ. ಬಿಆರ್‌ಸಿಯ ಹಾಲಿನಲ್ಲಿ ನಿಜವಾದ ಮಳೆ ಸಿಕ್ಕಿದರೆ ಫೋನು ಬೇಡ.

ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆಯುವ ಮುಂಚಿನ ದಿನ ಹೋದೆ. ಪುಟ್ಟ ಈಗ ಐದನೆಯ ತರಗತಿ. ಟೀಚರ್ ಬೇರೆ. ಹೆಡ್‌ಮಾಷ್ಟ್ರು ಕೋಣೆಗಳ ಪಟ್ಟಿ ಮಾಡುತ್ತಿದ್ದರು. ಐದನೇ ತರಗತಿಯ ಮುಂದೆ ಶೀಟಿನ ಕೋಣೆಯ ನಂಬರೇ ಇತ್ತು. ನಾನು ಬಾಯಿ ತೆರೆಯುವ ಮೊದಲು ಆರನೇ ತರಗತಿಯ ಮಾಷ್ಟ್ರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಈ ಸಲ ನಾವು ಶೀಟಿನಲ್ಲಿ ಇರುದಿಲ್ಲ, ಅದು ಗ್ಯಾರಂಟಿ" ಎಂದರು. ಆಮೇಲೆ, "ಏಳನ್ನು ಹಾಕಿ ನೋಡುವ" ಎಂದರು. ಏಳನೇ ತರಗತಿಯ ಟೀಚರ್ ಇನ್ನೂ ಬಂದಿರಲಿಲ್ಲ. ಅವರು ಬರಲಿ ಎಂದು ನಾವೆಲ್ಲ ಚಾ ಕುಡಿಯುತ್ತಾ ಕಾದೆವು.